ನೀರಿನ ಕೋಣೆಗಳು

ಮುಂಬಯಿ
9 ಆಗಸ್ಟ್ 1988

ಚಿ. ಸೌ. ಕೊಟ್ರಬಸಮ್ಮಗೆ,

ಬಂದು ಮುಟ್ಟಿದ್ದೇನೆ. ಗುಂತಕಲ್ಲಿನಲ್ಲಿ ಗಾಡಿ ಬಹಳ ಹೊತ್ತು ನಿಂತಿತು. ಇಲ್ಲಿ ಚಿದಾನಂದಪ್ಪನೇ ಸ್ಟೇಷನ್ನಿಗೆ ಬಂದು ಕೈಹಿಡಿದು ಇಳಿಸಿಕೊಂಡ. ಬಾದನಹಟ್ಟಿ ಶಾಲೆಯಲ್ಲಿ ನನ್ನ ಪಕ್ಕ ಕುಳಿತು ಮಗ್ಗಿ ಕೂಗುತ್ತಿದ್ದವನು ಈಗ ದೊಡ್ಡ ಆಸ್ಪತ್ರೆಯಲ್ಲಿ ತಲೆಯ ಡಾಕ್ಟರು. ಅವನ ಮನೆಯಲ್ಲೇ ಇಳಿದಿದ್ದೇನೆ.

ಸಾಹುಕಾರರು ಬಸ್ಸಿನ ಕೀಲಿಕೈ ಕಸಿದುಕೊಂಡ ದಿನ ಏನಾಯಿತೆಂದು ನೀನು ಕೇಳಿ ಕೇಳಿ ಬೇಸತ್ತೆ. ಎದುರಿಗೆ ಹೇಳಲಾಗಲಿಲ್ಲ, ಬರೆಯುತ್ತೇನೆ. ಸಿರಿಗೇರಿ ಕ್ರಾಸು ದಾಟಿ ಸ್ವಲ್ಪ ದೂರದಲ್ಲಿ ನಡುರಸ್ತೆಯಲ್ಲೇ ಬಸ್ಸು ನಿಲ್ಲಿಸಿಬಿಟ್ಟೆ. ಎರಡೂ ಕಡೆ ಭತ್ತದ ಗದ್ದೆಯಲ್ಲಿ ನೀರು ನಿಂತಿತ್ತು, ನೀರಿನಲ್ಲಿ ಮೋಡ ನಿಂತಿತ್ತು. ನಾನು ಸಿರುಗುಪ್ಪಕ್ಕೆ ಹೊರಟಿದ್ದೇನೋ, ಸಿರುಗುಪ್ಪದಿಂದ ಬಳ್ಳಾರಿಗೆ ಬರುತ್ತಿದ್ದೇನೋ ತಿಳಿಯಲಿಲ್ಲ. ಹಿಂದೆ ಜನ ಕೂಗಾಡುತ್ತಿದ್ದರು. ಕಂಡಕ್ಟರ್ ಅಯ್ಯಣ್ಣ ಮುಂದೆ ಬಂದು ನನ್ನ ಬಾಯಿಯ ಹತ್ತಿರ ಮೂಗು ತಂದ. "ಮರಿಬಸಣ್ಣ, ಹಗಲಾಗ ಕುಡದೀಯೇನು?" ಅಂದ. ವಾಸನೆ ಬರಲಿಲ್ಲ. ಆದರೂ ಸಾಹುಕಾರರಿಗೆ ಕುಡಿದಿದ್ದಾನೆ ಎಂದೇ ವರದಿ ಹೋಯಿತು. ಬೇರೆ ಏನೆಂದು ತಾನೇ ಹೇಳಿಯಾನು?

ಆಸ್ಪತ್ರೆಗೆ ಹೊಸದಾಗಿ ಒಂದು ಯಂತ್ರ ಬಂದಿದೆ. ಎಂ.ಆರ್.ಐ. ಎನ್ನುತ್ತಾರೆ. ಎಕ್ಸ್‌ರೇ ಅಲ್ಲ, ಅಯಸ್ಕಾಂತ. ಆನೆ ಮಲಗಿದಷ್ಟು ದೊಡ್ಡದು, ನಡುವೆ ಒಂದು ಸುರಂಗ. ಮೈಮೇಲೆ ಯಾವ ಲೋಹವೂ ಇರಬಾರದಂತೆ. ಕೊರಳಿನ ಲಿಂಗದ ಬೆಳ್ಳಿ ಕರಡಿಗೆ ಬಿಚ್ಚಬೇಕೆಂದಾಗ ನನಗೆ ಕೈ ಬರಲಿಲ್ಲ. ಚಿದಾನಂದಪ್ಪ ಎರಡೂ ಅಂಗೈ ಚಾಚಿದ. "ತಾ ಇಲ್ಲೆ, ನೀ ಹೊರಗ ಬರೋತನಕ ನಾ ಹಿಡಕೊಂಡ ನಿಂತಿರ್ತೀನಿ" ಅಂದ. ಹಾಗೇ ನಿಂತಿದ್ದ.

ಒಳಗೆ ಯಾರೋ ತಗಡು ಬಡಿದಂತೆ ಸದ್ದು. ಅಲುಗಾಡಬಾರದು. ನಾನು ಕಣ್ಣು ಮುಚ್ಚಿ ಬಸ್ಸು ಬಿಟ್ಟೆ. ಸೋಮಸಮುದ್ರ, ಕೋಳೂರು ಕ್ರಾಸು, ಸಿರಿಗೇರಿ ಕ್ರಾಸು, ತೆಕ್ಕಲಕೋಟೆ. ಸಿರುಗುಪ್ಪ ಮುಟ್ಟುವುದರೊಳಗೆ ಹೊರಗೆಳೆದರು.

ನಾಲ್ಕು ವರ್ಷದ ಹಿಂದೆ ಸೊಲ್ಲಾಪುರದ ಹತ್ತಿರ ಬಸ್ಸು ಉರುಳಿದಾಗ ತಲೆಗೆ ಬಿದ್ದ ಪೆಟ್ಟು ಈಗ ಕಾಡುತ್ತಿರಬಹುದು ಎಂದು ಚಿದಾನಂದಪ್ಪನ ಊಹೆ. ರಕ್ತವನ್ನೂ ತೆಗೆದುಕೊಂಡಿದ್ದಾನೆ. ಅವ್ವನಿಗೆ ಶರಣು ಹೇಳು. ಅಂಬಿಗೆ ಮುತ್ತು.

ಮರಿಬಸಪ್ಪ


ಕುರುಗೋಡು
24 ಆಗಸ್ಟ್ 1988

ಅಂಬಿಯ ಅಪ್ಪನವರಿಗೆ ಕೊಟ್ರಬಸಮ್ಮನ ಶರಣು.

ಕಾಗದ ಮುಟ್ಟಿತು. ಇದನ್ನು ನೀವೇ ಬರೆದಿರೋ, ಯಾರ ಕೈಯಲ್ಲಾದರೂ ಬರೆಸಿದಿರೋ? ಲಾಂಗ್ ರೂಟಿಗೆ ಹೋದಾಗಲೆಲ್ಲ ನಿಮ್ಮ ಕಾರ್ಡು ಬರುತ್ತಿತ್ತು. ಮುಟ್ಟಿದೆ. ಚೆನ್ನಾಗಿದ್ದೇನೆ. ಸೋಮವಾರ ಬರುತ್ತೇನೆ. ಪೋಸ್ಟ್‌ಮನ್ನನಿಗೂ ಬಾಯಿಪಾಠವಾಗಿತ್ತು. ಈ ಸಲ ಕವರು ದಪ್ಪ ಇರುವುದನ್ನು ಕಂಡು ಅವನೇ ಹೆದರಿದ್ದ.

ಅತ್ತೆಯವರಿಗೆ ಓದಿ ಹೇಳಿದೆ. ಕುಡಿದಿಲ್ಲ ಎಂಬ ಮಾತಿಗೆ ಬಂದಾಗ ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. "ನನ ಮಗ ಕುಡಿಯಾಂವ ಅಲ್ಲ ಅಂತ ನಾ ಅಂದಿದ್ನಿಲ್ಲ? ಊರಾಗ ಯಾರಾರ ಕೇಳಿದ್ರನು?" ಎಂದು ಓಣಿಗೆಲ್ಲ ಕೇಳುವಂತೆ ಹೇಳಿದರು. ತಲೆಯ ಪೆಟ್ಟಿಗೆ ಎಣ್ಣೆ ಹಾಕಿ ತಿಕ್ಕಬೇಕಂತೆ. ಡಾಕ್ಟರಿಗೆ ಹೇಳಲು ಹೇಳಿದ್ದಾರೆ. ಹೇಳಿದ್ದೇನೆ.

ನಾನು ಬಾಲವಾಡಿಗೆ ಎಂದಿನಂತೆ ಹೋಗುತ್ತಿದ್ದೇನೆ. ಮಕ್ಕಳು ಮಧ್ಯಾಹ್ನ ಮಲಗಿದಾಗ ನಿಮ್ಮ ಕಾಗದವನ್ನು ಇನ್ನೊಮ್ಮೆ ತೆಗೆದೆ. ಆ ಗದ್ದೆಯ ನೀರಿನಲ್ಲಿ ಮೋಡ ನಿಂತದ್ದನ್ನು ನಾನೂ ಕಂಡಂತಾಯಿತು. ಇಷ್ಟು ವರ್ಷ ಅದೇ ರಸ್ತೆಯಲ್ಲಿ ನೀವು ತವರಿಗೆ ಕರೆದುಕೊಂಡು ಹೋದಿರಿ. ಒಂದು ದಿನವೂ ಅತ್ತ ನೋಡು ಅನ್ನಲಿಲ್ಲ.

ಬೇಗ ಗುಣವಾಗಿ ಬನ್ನಿ.

ಕೊಟ್ರಬಸಮ್ಮ


ಮುಂಬಯಿ
2 ಅಕ್ಟೋಬರ್ 1988

ಕೊಟ್ರೀ,

ಇಲ್ಲಿ ಮಳೆ ನಿಂತಿದೆ. ನಿಂತರೂ ಗೋಡೆಗಳೊಳಗೆ ಇನ್ನೂ ಸುರಿಯುತ್ತಿರುವಂತೆ ಕೇಳಿಸುತ್ತದೆ. ಸಂಜೆ ಕಿಟಕಿಯ ಹತ್ತಿರ ಕೂತು ಸಮುದ್ರ ನೋಡುತ್ತೇನೆ. ನೋಡುತ್ತಾ ನೋಡುತ್ತಾ ಅದು ಕಾಲುವೆಯಷ್ಟು ಸಣ್ಣದಾಗಿ ದಂಡೆಯಲ್ಲಿ ನೀನು ಸೀರೆ ಹಿಂಡುತ್ತಿರುತ್ತೀ.

ಚಿದಾನಂದಪ್ಪ ನನ್ನ ತಲೆಯ ಚಿತ್ರ ತೋರಿಸಿದ. ಸೌತೆಕಾಯಿ ಹೋಳು ಮಾಡಿದ ಹಾಗೆ ಒಂದರ ಮೇಲೊಂದು ಹೋಳು. ಕೊಯ್ಯದೆ, ನೋಯಿಸದೆ ಅಯಸ್ಕಾಂತವೇ ಮಾಡಿದ ಹೋಳು. ಮಿದುಳಿನ ನಡುವೆ ನೀರು ತುಂಬಿದ ಕೋಣೆಗಳಿವೆಯಂತೆ. ಎಲ್ಲರಿಗೂ ಇರುತ್ತವೆ. ಚಿತ್ರದಲ್ಲಿ ಅವು ಕಪ್ಪಗೆ, ರೆಕ್ಕೆ ಬಿಚ್ಚಿದ ಪಾತರಗಿತ್ತಿಯ ಹಾಗೆ ಕಾಣುತ್ತವೆ. ಚಿದಾನಂದಪ್ಪ ಒಂದೊಂದು ಹೋಳಿನಲ್ಲೂ ಆ ಕೋಣೆಯ ಅಂಚಿನ ಸುತ್ತ ಗೆರೆ ಎಳೆದು, ಗೆರೆಯ ಒಳಗೆ ಎಷ್ಟು ಜಾಗವಿದೆ ಎಂದು ಅಳೆದು, ಎಲ್ಲ ಕೂಡಿಸಿ ಒಂದು ಅಂಕಿ ಬರೆದುಕೊಳ್ಳುತ್ತಾನೆ. "ಬರೇ ಕಣ್ಣಿಲೆ ನೋಡಿದ್ರ ಮೋಸ ಹೋಗ್ತೀವಿ. ಅಳದ್ರನ ತಿಳಿತೈತಿ, ಮೊದಲ ಎಷ್ಟಿತ್ತು, ಈಗ ಎಷ್ಟ ಆಗೇತಿ ಅಂತ" ಅಂದ. ಮುಂದಿನ ತಿಂಗಳು ಇನ್ನೊಮ್ಮೆ ಅಳೆಯುತ್ತಾನಂತೆ. ಅಲ್ಲಿಯ ತನಕ ಇರಬೇಕು.

ಬೆರಳು ಎಷ್ಟು ಚುರುಕಾಗಿದೆ ಎಂದು ನೋಡಲು ಸಣ್ಣ ಗೂಟಗಳನ್ನು ತೂತಿಗೆ ಸಿಕ್ಕಿಸುವ ಆಟ ಆಡಿಸುತ್ತಾರೆ. ನನ್ನ ಬೆರಳು ಕೆಸರಿನಲ್ಲಿ ನಡೆದಂತೆ ನಡೆಯುತ್ತದೆ. ಅವಸರ ಯಾಕೆ ಎನ್ನಿಸುತ್ತದೆ. ಇಷ್ಟು ವರ್ಷ ಗಡಿಯಾರ ನೋಡಿಕೊಂಡೇ ಬಸ್ಸು ಬಿಟ್ಟೆ. ಈಗ ಹೊತ್ತು ನನ್ನ ಪಕ್ಕದಲ್ಲಿ ಬಂದು ಸುಮ್ಮನೆ ಕೂಡುತ್ತದೆ. ನಿನ್ನ ಕೂದಲಿನ ಸೀಗೆಕಾಯಿಯ ವಾಸನೆ ಬರುತ್ತದೆ. ಬಾಗಿಲು ತೆರೆದು ನೋಡುತ್ತೇನೆ.

ಅಂಬಿಗೆ ಹಲ್ಲು ಬಂದವೇ? ಬಂದರೆ ಬರೆ.

ನಿನ್ನವನು


ಕುರುಗೋಡು
15 ಅಕ್ಟೋಬರ್ 1988

ಅಂಬಿಯ ಅಪ್ಪನವರಿಗೆ ಶರಣು.

ಅಂಬಿಯ ಮುಂದಿನ ಹಲ್ಲು ಬಿದ್ದದ್ದು ನಿಮಗೆ ಹೇಗೆ ಗೊತ್ತಾಯಿತು? ನೀವು ಹೋದ ಮೇಲೆ ಬಿದ್ದದ್ದು. ನಾನು ಬರೆದಿರಲೇ ಇಲ್ಲ. ಹೊಸ ಹಲ್ಲು ಒಂದು ಮೂಡಿದೆ. ಇನ್ನೊಂದು ಅಕ್ಕಿಕಾಳಿನಷ್ಟು ಕಾಣಿಸುತ್ತಿದೆ. "ಅಪ್ಪಗ ಅಲ್ಲಿಂದನ ಕಾಣ್ತೈತನು?" ಎಂದು ಕೇಳಿದಳು. ಹೂಂ ಎಂದೆ. ಅವಳು ಅಂದಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಾಳೆ, ನಿಮಗೆ ಕಾಣಬಾರದೆಂದು.

ನಿಮ್ಮ ಕಾಗದವನ್ನು ಅತ್ತೆಯವರಿಗೆ ಪೂರ್ತಿ ಓದಲಿಲ್ಲ. ಸೀಗೆಕಾಯಿಯ ಮಾತು ಬಂದಾಗ ನಿಲ್ಲಿಸಿ, ಆರೋಗ್ಯವಾಗಿದ್ದಾರಂತೆ ಎಂದುಬಿಟ್ಟೆ. "ಅಷ್ಟ ಹೇಳಾಕ ಇಷ್ಟ ಹಾಳಿ ಬರದಾನನು?" ಎಂದರು. ನನ್ನ ಮುಖ ನೋಡಿ ಒಲೆಯ ಕಡೆ ತಿರುಗಿದರು.

ಬರೆಯಲು ನಾಚಿಕೆ. ಆದರೂ ನೀವು ದೂರ ಇದ್ದೀರಿ, ಮುಖ ಕಾಣುವುದಿಲ್ಲವೆಂದು ಬರೆಯುತ್ತೇನೆ. ಮದುವೆಯಾದಾಗಿನಿಂದ ನೀವು ನನಗೆ ಬೈದಿಲ್ಲ, ಹೊಡೆದಿಲ್ಲ, ತಂದು ಹಾಕುವುದರಲ್ಲಿ ಕಡಿಮೆ ಮಾಡಿಲ್ಲ. ನಾನು ಅದೇ ಸಂಸಾರ ಎಂದುಕೊಂಡಿದ್ದೆ. ನಿಮ್ಮೊಳಗೆ ಇಷ್ಟು ಮಾತು ಇದ್ದದ್ದು ಗೊತ್ತಿರಲಿಲ್ಲ. ಈಗ ನೀರು ತರುವಾಗ, ರೊಟ್ಟಿ ಬಡಿಯುವಾಗ ಯಾರೋ ಬೆನ್ನ ಹಿಂದೆ ನಿಂತು ನೋಡುತ್ತಿದ್ದಾರೆ ಅನ್ನಿಸುತ್ತದೆ. ಸೀರೆ ಸರಿಮಾಡಿಕೊಳ್ಳುತ್ತೇನೆ.

ಕೋಣೆಗಳನ್ನು ನಿಧಾನವಾಗಿ ಅಳೆಯಲಿ. ಆದರೆ ಕಾಗದ ಬರೆಯುವುದನ್ನು ನಿಲ್ಲಿಸಬೇಡಿ.

ನಿಮ್ಮ ಕೊಟ್ರಿ


ಮುಂಬಯಿ
20 ನವೆಂಬರ್ 1988

ಕೊಟ್ರೀ,

ನಿನ್ನೆ ಮತ್ತೆ ಸುರಂಗಕ್ಕೆ ಹೋಗಿದ್ದೆ. ಬಸ್ಸು ಬಿಟ್ಟೆ. ಸೋಮಸಮುದ್ರ ಬಂತು, ಆಮೇಲೆ ನೀರು ಬಂತು. ರಸ್ತೆಯೇ ನೀರಾಗಿತ್ತು. ಹೆದರಿಕೆಯಾಗಲಿಲ್ಲ. ಬಸ್ಸು ದೋಣಿಯ ಹಾಗೆ ತೇಲಿಕೊಂಡು ನನ್ನ ಕೋಣೆಗಳ ಒಳಗೆ ಹೋಯಿತು. ಒಂದು ಕೋಣೆಯಲ್ಲಿ ಅಪ್ಪ ಕುಳಿತು ಕಂದೀಲಿನ ಗಾಜು ಒರೆಸುತ್ತಿದ್ದ. "ಬಾರಲೇ ತಮ್ಮಾ, ಹೊತ್ತಾತು" ಅಂದ. ಇನ್ನೊಂದರಲ್ಲಿ ನೀನು. ಕೈಗೆ ಮದುವೆಯ ಅರಿಶಿಣ ಹಾಗೇ ಇತ್ತು. ನಿನ್ನ ಬೆರಳು ಹಿಡಿದರೆ ನನ್ನ ಬೆರಳೂ ಹಳದಿಯಾದವು. ಕೋಣೆ ದೊಡ್ಡದು, ತಂಪು.

ಬಳ್ಳಾರಿ ಗುಡ್ಡ ನೀರಿನ ಮೇಲೆ ಇತ್ತು. ಒಂದೇ ಕಲ್ಲು. ಯಾರೋ ಊದಿದರೆ ಹಾರಿಹೋಗುವಷ್ಟು ಹಗುರ.

ಅಂಬಿಗೆ ಹಲ್ಲು ಬಂದವೇ? ತೊಟ್ಟಿಲಿನ ಹಗ್ಗ ಸವೆದಿದೆ, ಬದಲಿಸಬೇಕು. ನಾನು ಬಂದು ಬದಲಿಸುತ್ತೇನೆ. ನಾನು ಬಂದು


ಸಿರುಗುಪ್ಪ
11 ಜನವರಿ 1989

ಅಂಬಿಯ ಅಪ್ಪನವರಿಗೆ,

ತವರಿಗೆ ಬಂದಿದ್ದೇನೆ. ಸುಗ್ಗಿ ಎಂದು ನೆಪ. ಇಲ್ಲಿ ಅಕ್ಕಿ ಗಿರಣಿಗಳೆಲ್ಲ ನಡೆಯುತ್ತಿವೆ, ಊರೆಲ್ಲ ಬೆಂದ ಭತ್ತದ ವಾಸನೆ.

ನಿಮ್ಮ ಅರ್ಧ ಕಾಗದ ಬಂದ ಮೇಲೆ ನಾನು ಮೇಲಿಂದ ಮೇಲೆ ಬರೆದೆ. ಒಂದಕ್ಕೂ ಉತ್ತರವಿಲ್ಲ. ಮೊದಲು ತಡವಾಯಿತು ಎಂದುಕೊಂಡೆ. ಆಮೇಲೆ ಗುಣವಾಗಿ ಹೊರಟಿರಬಹುದು ಎಂದು ಬಸ್ಸುಗಳನ್ನು ನೋಡಿದೆ. ನಮ್ಮ ಓಣಿಯ ಜೋಗಮ್ಮ ಬಾವಿಯ ಹತ್ತಿರ ಎಲ್ಲರೆದುರು ಅಂದಳು: "ಬೊಂಬಾಯಿ ಗಂಡಸ್ರನ್ನ ನುಂಗತೈತಿ ತಂಗಿ. ಅಲ್ಲೆ ಒಬ್ಬಾಕಿ ಸಿಕ್ಕಿರ್ತಾಳ, ನೀ ಇಲ್ಲೆ ಹಾದಿ ಕಾಯಿ."

ಅವಳಿಗೆ ಬೈದು ಬಂದೆ. ಮನೆಗೆ ಬಂದು ಕೂತ ಮೇಲೆ ನನಗೇ ಸಂಶಯ ಹತ್ತಿತು. ಹೆಂಡತಿಗೆ ಅಂಥ ಮಾತು ಯಾವ ಗಂಡ ಬರೆಯುತ್ತಾನೆ? ಇಷ್ಟು ವರ್ಷ ಇಲ್ಲದ ಮಾತು ಯಾರ ಮುಂದೆ ಕೂತು ಕಲಿತಿರಿ? ಮದುವೆಯಾಗಿ ಇಷ್ಟು ವರ್ಷದ ಮೇಲೆ ಅರಿಶಿಣದ ಕೈ ನನ್ನದಲ್ಲ. ತೊಟ್ಟಿಲು ಈಗ ನಮ್ಮ ಮನೆಯಲ್ಲಿಲ್ಲ. ಯಾವ ಮನೆಯ ತೊಟ್ಟಿಲಿನ ಹಗ್ಗ ನಿಮಗೆ ನೆನಪಾಗುತ್ತಿದೆ?

ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಅಳುವುದು ಮುಗಿಸಿಯೇ ಇದನ್ನು ಬರೆಯುತ್ತಿದ್ದೇನೆ.

ಕೊಟ್ರಬಸಮ್ಮ


ಮುಂಬಯಿ
2 ಫೆಬ್ರವರಿ 1989

ಕೊಟ್ರಬಸಮ್ಮ,

ಬೇರೆ ಯಾರೂ ಇಲ್ಲ. ಈ ಕಾಗದ ಬರೆಯಲು ಬಹಳ ದಿನ ಹಿಡಿದಿದೆ. ಶಬ್ದ ಸಿಗದ ಕಡೆ ಚಿದಾನಂದಪ್ಪ ಪಕ್ಕದಲ್ಲಿ ಕುಳಿತು ನೆನಪಿಸುತ್ತಿದ್ದಾನೆ.

ನನಗಿರುವುದು ತಲೆಯ ಪೆಟ್ಟಲ್ಲ. ನನ್ನ ರಕ್ತದಲ್ಲಿ ಎಚ್.ಐ.ವಿ. ಎಂಬ ರೋಗಾಣು ಇದೆ. ಪೇಪರಿನಲ್ಲಿ ಏಡ್ಸ್ ಎಂದು ಬರುತ್ತದಲ್ಲ, ಅದು. ಬಸ್ಸು ಉರುಳಿದಾಗ ಬಾಟಲಿಗಟ್ಟಲೆ ರಕ್ತ ಕೊಟ್ಟು ನನ್ನನ್ನು ಉಳಿಸಿದರು. ಆಗ ಇದನ್ನು ಪರೀಕ್ಷೆ ಮಾಡುವ ಉಪಾಯವೇ ಯಾರಿಗೂ ಇರಲಿಲ್ಲ. ಉಳಿಸಿದ ರಕ್ತದಲ್ಲೇ ಇದೂ ಬಂತು. ಡ್ರೈವರ್ ಎಂದ ಮೇಲೆ ಜನ ಬೇರೆ ದಾರಿಯನ್ನೇ ಹೇಳುತ್ತಾರೆ. ಹಾಗಾಗಿಲ್ಲ ಎಂದು ಒಂದು ಸಲ ಬರೆಯುತ್ತೇನೆ. ಆಣೆ ಇಡುವುದಿಲ್ಲ. ನಂಬುವುದು ನಿನಗೆ ಬಿಟ್ಟದ್ದು.

ಸೆಪ್ಟೆಂಬರಿನಲ್ಲೇ ಗೊತ್ತಾಗಿತ್ತು. ನಿನಗೆ ಬರೆಯಬೇಕೆಂದು ಕೂಡುತ್ತಿದ್ದೆ. ಕೂತರೆ ಬೇರೇನೋ ಬರೆಯುತ್ತಿದ್ದೆ. ಇದು ಮಿದುಳಿಗೂ ಇಳಿಯುತ್ತದಂತೆ. ಅದಕ್ಕೇ ಅಳೆಯುವುದು. ನವೆಂಬರಿನಲ್ಲಿ ಅಳೆದಾಗ ನೀರಿನ ಕೋಣೆಗಳು ಆಗಸ್ಟಿಗಿಂತ ದೊಡ್ಡವಾಗಿದ್ದವು. ಅಂದರೆ ಸುತ್ತಲಿನ ಮಿದುಳಿನ ಗೋಡೆ ತೆಳ್ಳಗಾಗಿದೆ. ಆಮೇಲೆ ನನಗೆ ಪೆನ್ನು ಹಿಡಿಯುವುದೂ ಆಗಲಿಲ್ಲ. ನಿನ್ನ ಕಾಗದಗಳು ಬಂದಿದ್ದವು. ಒಡೆದು ಓದಬೇಕೆಂಬುದೇ ಹೊಳೆಯಲಿಲ್ಲ. ಚಿದಾನಂದಪ್ಪ ಮೊನ್ನೆ ಎಲ್ಲವನ್ನೂ ಓದಿ ಹೇಳಿದ.

ತೊಟ್ಟಿಲು ನಮ್ಮದೇ. ಅಂಬಿ ಇನ್ನೂ ಕೂಸು ಎಂದು ತಿಳಿದಿದ್ದೆ. ಹಲ್ಲು ಬಂದವೇ ಎಂದು ಕೇಳಿದ್ದು ಆ ಲೆಕ್ಕದಲ್ಲಿ. ನೀನು ಸಂತೋಷಪಟ್ಟೆ. ನಿನಗೆ ಹಿಡಿಸಿದ ಮಾತುಗಳನ್ನೆಲ್ಲ ಬರೆದದ್ದು ನನ್ನ ರೋಗ, ನಾನಲ್ಲ. ಹೇಳದೆ ಇದ್ದರೆ ಮೋಸವಾಗುತ್ತದೆ.

ಪರದೇಶದಿಂದ ಒಂದು ಮಾತ್ರೆ ಬಂದಿದೆ. ಗುಣ ಮಾಡುವುದಿಲ್ಲ, ತಡೆಯಬಹುದು. ಕೆಲವರಿಗೆ ಕೊಟ್ಟು ನೋಡುವವರಿದ್ದಾರೆ. ಆ ಕೆಲವರಲ್ಲಿ ನನ್ನ ಹೆಸರು ಸೇರಿದೆ. ಕಳೆದ ತಿಂಗಳಿನಿಂದ ನುಂಗುತ್ತಿದ್ದೇನೆ, ಇಷ್ಟಾದರೂ ಬರೆಯಲು ಆಗುತ್ತಿರುವುದು ಅದರಿಂದಲೇ.

ನೀನು ಬಳ್ಳಾರಿಗೆ ಹೋಗಿ ರಕ್ತ ತೋರಿಸು. ತಡ ಮಾಡಬೇಡ. ಅಂಬಿ ಅಪಘಾತಕ್ಕಿಂತ ಮೊದಲು ಹುಟ್ಟಿದವಳು, ಅವಳಿಗೆ ಭಯವಿಲ್ಲ. ನಿನ್ನದು ನೆನಸಿಕೊಂಡರೆ ನನಗೆ ಮುಂದೆ ಬರೆಯಲಾಗುವುದಿಲ್ಲ. ಮುಂಬಯಿಗೆ ಬರಬೇಡ.

ಮರಿಬಸಪ್ಪ


ಕುರುಗೋಡು
26 ಫೆಬ್ರವರಿ 1989

ಅಂಬಿಯ ಅಪ್ಪನವರಿಗೆ ಕೊಟ್ರಿಯ ಶರಣು.

ನಿಮ್ಮ ಕಾಗದ ಓದಿ ಸಿರುಗುಪ್ಪದಿಂದ ಅಂದೇ ಹೊರಟು ಬಂದೆ. ಅತ್ತೆಯವರಿಗೆ ಹೇಳದಿರಲು ನನಗೆ ಆಗಲಿಲ್ಲ. ಹಿತ್ತಲಲ್ಲಿ ಮೆಣಸಿನಕಾಯಿ ಆರಹಾಕುತ್ತಿದ್ದರು, ಅಲ್ಲೇ ಕೂತು ಹೇಳಿದೆ. ಅವರು ಬಹಳ ಹೊತ್ತು ಮೆಣಸಿನಕಾಯಿಯನ್ನೇ ಹರವುತ್ತಿದ್ದರು. ಆಮೇಲೆ ಅಂದರು: "ನಾ ಹಡೆಯುವಾಗ ಚಲೋ ರಕ್ತನ ಕೊಟ್ಟಿದ್ನೆಲ್ಲ ಅವಗ. ಅದನ್ನ ರೋಡಿಗೆ ಚೆಲ್ಲಿ ಬಂದ." ಅಷ್ಟು ಹೇಳಿ, ಆ ಖಾರದ ಕೈಯಲ್ಲೇ ಕಣ್ಣು ಒರೆಸಿಕೊಂಡರು. ಇಬ್ಬರೂ ಬಾವಿಯ ಹತ್ತಿರ ಕೂತು ಕಣ್ಣಿಗೆ ನೀರು ಹೊಯ್ದುಕೊಂಡೆವು. ಅವರು ಕಣ್ಣುರಿಗೆ, ನಾನು ಸುಮ್ಮನೆ.

ಮರುದಿನ ಅವರೇ ನನ್ನನ್ನು ಬಳ್ಳಾರಿಗೆ ಕರೆದುಕೊಂಡು ಹೋದರು. ಯಾವ ಪರೀಕ್ಷೆ ಎಂದು ಹೇಳಿದ ಕೂಡಲೆ ರಕ್ತ ತೆಗೆಯುವವನು ಕುರ್ಚಿ ಹಿಂದಕ್ಕೆ ಸರಿಸಿದ. "ನಿಮ್ಮ ಮನಿಯವರು ಏನ್ ಕೆಲಸ ಮಾಡ್ತಾರ?" ಎಂದ. ಡ್ರೈವರ್ ಎಂದೆ. ಓಹೋ ಎಂದು ತಲೆಯಾಡಿಸಿದ. ಅತ್ತೆಯವರು ಬಾಗಿಲಲ್ಲೇ ನಿಂತು, "ಓಹೋ ಅಂದ್ರ ಏನ್ರಿ? ತಿಳಿಸಿ ಹೇಳ್ರಿ, ನಾನೂ ತಿಳಕೊಂತೀನಿ" ಎಂದರು. ಕೊನೆಗೆ ಒಬ್ಬ ಡಾಕ್ಟರಮ್ಮ ಬಂದು ತಾವೇ ಸೂಜಿ ಹಿಡಿದರು. ರಕ್ತ ಹೊರಗಿನ ಊರಿಗೆ ಹೋಗಿದೆ. ತಡವಾಗುತ್ತದಂತೆ.

ಹೊರಗೆ ಬಂದಾಗ ಬಿಸಿಲಿತ್ತು. ಕೋಟೆ ಗುಡ್ಡ ಎದುರಿಗೇ ಇತ್ತು. ನೀವು ಬರೆದ ಹಾಗೆ ಯಾರಾದರೂ ಊದಿದರೆ ಹಾರುತ್ತದೇನೋ ಎಂದು ನೋಡುತ್ತಾ ನಿಂತೆ. ಸ್ವಲ್ಪ ಹೊತ್ತು ನಿಜವಾಗಿಯೂ ಹಗುರವಾಗಿ ಕಂಡಿತು.

ನಿಮ್ಮ ಮೇಲೆ ಸಂಶಯಪಟ್ಟು ಬರೆದ ಕಾಗದವನ್ನು ಹರಿದುಹಾಕಿ. ನಂಬುವುದು ನನಗೆ ಬಿಟ್ಟದ್ದು ಎಂದಿದ್ದೀರಿ. ನಂಬಿದ್ದೇನೆ, ಆ ಮಾತು ಮುಗಿಯಿತು.

ಆದರೆ ಇನ್ನೊಂದು ಮಾತು ಒಪ್ಪುವುದಿಲ್ಲ. ಆ ಕಾಗದಗಳನ್ನು ರೋಗ ಬರೆಸಿತು ಎನ್ನುತ್ತೀರಿ. ಇರಬಹುದು, ನಾನು ಡಾಕ್ಟರಲ್ಲ. ರೋಗಕ್ಕೆ ನನ್ನ ಹೆಸರು ಯಾರು ಹೇಳಿಕೊಟ್ಟರು? ನನ್ನ ಸೀಗೆಕಾಯಿಯ ವಾಸನೆ ಅದಕ್ಕೆ ಹೇಗೆ ಗೊತ್ತು? ನಿಮ್ಮೊಳಗೆ ಬಾಗಿಲು ಹಾಕಿಕೊಂಡು ಕೂತಿದ್ದನ್ನು ಅದು ಹೊರಗೆ ಬಿಟ್ಟಿತು, ಅಷ್ಟೇ. ರೋಗದ ಮೇಲೆ ನನಗೆ ಸಿಟ್ಟಿದೆ. ಆ ಮಾತುಗಳ ಮೇಲಿಲ್ಲ.

ಮಾತ್ರೆ ತಪ್ಪಿಸಬೇಡಿ.

ಕೊಟ್ರಿ


ಮುಂಬಯಿ
18 ಏಪ್ರಿಲ್ 1989

ಕೊಟ್ರಬಸಮ್ಮಗೆ,

ಮಾತ್ರೆ ಹಿಡಿದಿದೆ. ವಾಂತಿ ಇದೆ, ಸಹಿಸಬಹುದು. ಮೂರನೆಯ ಸಲ ಅಳೆದರು, ಕೋಣೆ ದೊಡ್ಡದಾಗಿಲ್ಲ. ಗೂಟಗಳನ್ನು ಬೇಗ ಸಿಕ್ಕಿಸಿದೆ. ಮೇ ಕೊನೆಗೆ ಬರುತ್ತೇನೆ. ನಿನ್ನ ರಕ್ತದ ವಿಷಯ ಏನಾಯಿತು? ಯಾಕೆ ಬರೆದಿಲ್ಲ? ಕೂಡಲೆ ಬರೆ.

ಮರಿಬಸಪ್ಪ


ಕುರುಗೋಡು
1 ಮೇ 1989

ಅಂಬಿಯ ಅಪ್ಪನವರಿಗೆ ಶರಣು.

ನಿಮ್ಮ ಕಾರ್ಡು ನೋಡಿ ಪೋಸ್ಟ್‌ಮನ್ ನಕ್ಕ. "ಮೊದಲಿನಂಗ ಆದ್ರು ನೋಡ್ರಿ" ಎಂದ. ಹೌದು, ಮೊದಲಿನ ಹಾಗಾದಿರಿ. ಅತ್ತೆಯವರಿಗೆ ಓದಿ ಹೇಳಿ ಸಕ್ಕರೆ ಹಂಚಿದೆ. ಆಮೇಲೆ ಒಳಗೆ ಹೋಗಿ ಕದ ಮುಂದೆಮಾಡಿಕೊಂಡು ಅತ್ತುಬಿಟ್ಟೆ. ಒಬ್ಬರು ಬದುಕಿದರು, ಒಬ್ಬರು ಹೋದರು ಅನ್ನಿಸಿತು. ಇಬ್ಬರೂ ನೀವೇ. ಇದನ್ನು ಯಾರಿಗೆ ಹೇಳಲಿ?

ನನ್ನ ರಕ್ತದ ವಿಷಯ. ಅದು ಬಂದು ಬಹಳ ದಿನವಾಯಿತು. ಎರಡನೆಯ ಸಲವೂ ನೋಡಿದರು. ನನಗೆ ಏನೂ ಇಲ್ಲ.

ನಿಮಗೆ ಕೂಡಲೆ ಬರೆಯಬೇಕಾಗಿತ್ತು. ಪೆನ್ನು ಹಿಡಿದೆ, ಆಗಲಿಲ್ಲ. ಡಾಕ್ಟರಮ್ಮ "ದೇವರು ದೊಡ್ಡವನು" ಎಂದಾಗ ಅತ್ತೆಯವರು ಅಲ್ಲೇ ಕಂಬಕ್ಕೆ ಕೈಮುಗಿದರು. ನನಗೆ ಸಂತೋಷವೇ ಆಯಿತು, ಸುಳ್ಳು ಹೇಳುವುದಿಲ್ಲ. ಬಸ್ಸಿನಲ್ಲಿ ಬರುವಾಗ ಮಾತ್ರ ಜಾತ್ರೆಯ ನೂಕಿನಲ್ಲಿ ಕೈಬಿಟ್ಟು ನಾನೊಬ್ಬಳೇ ಈಚೆ ಬಂದಂತೆ, ನೀವು ಆಚೆ ಉಳಿದಂತೆ ಅನ್ನಿಸಿತು. ಗಟ್ಟಿಮುಟ್ಟಾಗಿ ಕೂತು ನಿಮಗೆ ಸಮಾಧಾನ ಬರೆಯಲು ನಾಚಿಕೆಯಾಯಿತು.

ಈಗ ಬರೆದೆ. ಬನ್ನಿ. ಡಾಕ್ಟರು ಹೇಳಿದ ಜಾಗ್ರತೆಗಳನ್ನೆಲ್ಲ ಡಾಕ್ಟರಮ್ಮ ನನಗೂ ಬಿಡಿಸಿ ಹೇಳಿದ್ದಾರೆ. ಪಾಲಿಸೋಣ. ಒಂದೇ ತಾಟಿನಲ್ಲಿ ಉಣ್ಣುವುದಕ್ಕೆ ಯಾವ ಅಡ್ಡಿಯೂ ಇಲ್ಲವಂತೆ.

ಕೊಟ್ರಿ


ಕುರುಗೋಡು
12 ಸೆಪ್ಟೆಂಬರ್ 1989

ಕೊಟ್ರಬಸಮ್ಮಗೆ,

ನೀನು, ಅವ್ವ ಮುಂಬಯಿಗೆ ಸುಖವಾಗಿ ಮುಟ್ಟಿದ ತಂತಿ ಬಂತು. ಈ ಸಲ ಮನೆಯಲ್ಲಿ ಕೂತು ಕಾಯುವವನು ನಾನು. ಕಷ್ಟದ ಕೆಲಸ.

ಚಿದಾನಂದಪ್ಪ ಆರೋಗ್ಯವಂತರ ತಲೆಯ ಅಳತೆ ಬೇಕು ಎಂದು ಬರೆದಾಗ ನೀನು ಅಷ್ಟು ಬೇಗ ಹೂಂ ಅನ್ನುತ್ತೀ ಎಂದುಕೊಂಡಿರಲಿಲ್ಲ. ಇಂಗ್ಲೆಂಡಿನವರ ತಲೆಯ ಲೆಕ್ಕವಿಟ್ಟುಕೊಂಡು ಕುರುಗೋಡಿನವರ ರೋಗ ಹೇಳುವುದು ಹೇಗೆ ಎಂದು ಅವನ ತಕರಾರು. ನಮ್ಮವರದ್ದು ಹತ್ತಾರು ಗಟ್ಟಿ ತಲೆ ಅಳೆದಿಟ್ಟರೆ ಮುಂದೆ ನನ್ನಂಥವನು ನಡುರಸ್ತೆಯಲ್ಲಿ ಬಸ್ಸು ನಿಲ್ಲಿಸುವ ಮೊದಲೇ ಹಿಡಿಯಬಹುದಂತೆ.

ಅಂಬಿಗೆ ಜಡೆ ಹಾಕಲು ಕಲಿತೆ. ಸೊಟ್ಟಗೆ ಬರುತ್ತದೆ. ಅವಳು ಹಾಗೇ ಶಾಲೆಗೆ ಹೋಗುತ್ತಾಳೆ.

ನಿನ್ನೆ ಬಸ್‌ಸ್ಟ್ಯಾಂಡಿಗೆ ಹೋಗಿ ಅಯ್ಯಣ್ಣನಿಗೆ ಎಲ್ಲವನ್ನೂ ಹೇಳಿದೆ. ನನಗೆ ಇಂಥ ರೋಗ, ಹೀಗೆ ಬಂತು, ಅಂದು ಕುಡಿದಿರಲಿಲ್ಲ ಎಂದು. ಸುತ್ತ ನಿಂತವರು ಸರಿದರು. ಜೋಗಮ್ಮ ಬೆಳಿಗ್ಗೆಯಿಂದ ನಮ್ಮ ಕಡೆ ನೋಡುತ್ತಿಲ್ಲ. ಅಯ್ಯಣ್ಣ ಮಾತ್ರ ಅಲ್ಲಿಂದ ಸರಿಯಲಿಲ್ಲ. "ಅವತ್ತ ನಿನ್ನ ಬಾಯಿ ಮೂಸಿದ್ನಿ. ವಾಸನಿ ಇರಲಿಲ್ಲ ಅಂತ ಗೊತ್ತಿದ್ರೂ ಹೇಳಲಿಲ್ಲ ಮಾರಾಯ" ಅಂದ. ಈ ದಿನ ಸಂಜೆ ಡ್ರೈವರಿಗೆ ಹೇಳಿ ಬಸ್ಸನ್ನು ನಮ್ಮ ಓಣಿಯ ಬಾಯಿಗೆ ನಿಲ್ಲಿಸಿ ಹಾರ್ನ್ ಹೊಡೆಸಿದ. "ಬರ್ರಿ, ಕಿಟಕಿ ಸೀಟು ಐತಿ" ಎಂದು ನನ್ನನ್ನು, ಅಂಬಿಯನ್ನು ಹತ್ತಿಸಿಕೊಂಡ. ಬಾದನಹಟ್ಟಿಯ ತನಕ ಹೋಗಿ ಬಂದೆವು. ನಾನು ಮೊದಲ ಸಲ ಮಂದಿಯ ಹಾಗೆ ಹಿಂದೆ ಕೂತಿದ್ದೆ. ಕಿಟಕಿಯಿಂದ ಬಹಳ ಕಾಣುತ್ತದೆ.

ಮಾತ್ರೆ ಚಳಿಗಾಲದ ತನಕ ಬರುತ್ತದೆ. ಮುಂದೆ ಸಿಗುತ್ತದೋ ಇಲ್ಲವೋ. ಅದನ್ನು ಚಿದಾನಂದಪ್ಪನ ಹತ್ತಿರ ಕೇಳಬೇಡ, ಅವನು ನೊಂದುಕೊಳ್ಳುತ್ತಾನೆ. ಗಾಡಿ ಯಾವ ದಿನ ಎಂದು ಬರೆ. ಬಳ್ಳಾರಿ ಸ್ಟೇಷನ್ನಿಗೆ ಬರುತ್ತೇನೆ.

ಮರಿಬಸಪ್ಪ


ಮುಂಬಯಿ
21 ಸೆಪ್ಟೆಂಬರ್ 1989

ಅಂಬಿಯ ಅಪ್ಪನವರಿಗೆ ಕೊಟ್ರಿಯ ಶರಣು.

ಅಳತೆ ಮುಗಿಯಿತು. ಮೊದಲನೆಯ ಸಲ ಕೆಟ್ಟಿತು, ನನ್ನಿಂದಲೇ. ಸುರಂಗದೊಳಗೆ ಹೋದೆ, ತಗಡಿನ ಸದ್ದು ಶುರುವಾಯಿತು, ಅಲುಗದೆ ಮಲಗಿದೆ. ಹೊರಗಿನಿಂದ ಅತ್ತೆಯವರ ದನಿ ಕೇಳಿಸಿತು: "ಡಾಕ್ಟ್ರ, ಆಕಿದು ಮುಗದ ಮ್ಯಾಲೆ ನನ ತಲೀನೂ ಅಳೀರಿ, ಎಂಥಾ ತಲಿ ಹಡದೀನಿ ನೋಡ್ರಿ!" ನಾನು ನಕ್ಕುಬಿಟ್ಟೆ. ಹೊಟ್ಟೆ ಹಿಡಿದುಕೊಂಡರೂ ನಿಲ್ಲಲಿಲ್ಲ. ಚಿತ್ರವೆಲ್ಲ ಹೊಗೆಯ ಹಾಗೆ ಕಲಸಿಹೋಯಿತಂತೆ. ಅತ್ತೆಯವರನ್ನು ಚಹಾ ಕುಡಿಸಲು ಕಳಿಸಿ ಎರಡನೆಯ ಸಲ ತೆಗೆದರು.

ಒಳಗೆ ನನಗೆ ಯಾವ ರಸ್ತೆಯೂ ಕಾಣಲಿಲ್ಲ. ನಿಮ್ಮ ಉಸಿರು ಕಾಣಿಸಿತು. ಉಸಿರು ಕಾಣುವುದು ಹೇಗೆ ಎಂದರೆ ಹೇಳಲು ಬರುವುದಿಲ್ಲ. ಬೆಳಗಿನ ಜಾವ ಹೊಲದ ಮೇಲೆ ಮಂಜು ಏಳುತ್ತದಲ್ಲ, ಹಾಗೆ.

ಚಿದಾನಂದಪ್ಪನವರು ಇಬ್ಬರ ಚಿತ್ರವನ್ನೂ ದೀಪದ ಹಲಗೆಯ ಮೇಲೆ ಅಕ್ಕಪಕ್ಕ ಸಿಕ್ಕಿಸಿದರು. "ಇದು ನಿಮ್ದು, ಇದು ಅವಂದು" ಎಂದರು. ಒಂದೇ ತರಹ ಇದ್ದವು, ನಿಮ್ಮ ಪಾತರಗಿತ್ತಿಯ ರೆಕ್ಕೆ ಅಗಲ. ನಾನು ನಿಮ್ಮದರ ಮೇಲೆ ಕೈ ಇಟ್ಟೆ. ಗಾಜು ಬೆಚ್ಚಗಿತ್ತು.

ಕೇಳಬೇಡ ಎಂದಿದ್ದಿರಿ, ಕೇಳಿದೆ. ಅವರು ಮುಖ ತಿರುಗಿಸಲಿಲ್ಲ. "ಮಾತ್ರಿ ಇರೋತನಕ ತಡೀತೈತಿ ತಂಗಿ. ಆಮ್ಯಾಲೆ ಕ್ವಾಣಿ ಮತ್ತ ದೊಡ್ಡವಾಗ್ತಾವ. ಎಷ್ಟ ದಿನಕ್ಕ ಅನ್ನೋದು ನನಗೂ ಗೊತ್ತಿಲ್ಲ. ಮಾತ್ರಿ ತರಸೂ ಪ್ರಯತ್ನ ನಾ ಬಿಡೂದಿಲ್ಲ, ಅಷ್ಟ ಹೇಳ್ತೀನಿ" ಎಂದರು. ಕಣ್ಣು ತುಂಬಿತ್ತು. ನೀವು ಹೇಳಿದ್ದು ನಿಜ, ನೊಂದುಕೊಳ್ಳುತ್ತಾರೆ. ಆದರೂ ಕೇಳಿದ್ದು ಒಳ್ಳೆಯದಾಯಿತು. ಈಗ ನಮ್ಮಿಬ್ಬರಿಗೂ ಒಂದೇ ವಿಷಯ ಗೊತ್ತು.

ಇಷ್ಟು ತೀರ್ಮಾನ ಮಾಡಿಕೊಂಡಿದ್ದೇನೆ. ಒಂದು ದಿನ ನೀವು ಮತ್ತೆ ಗುಡ್ಡ ತೇಲಿತು, ಅಪ್ಪ ಕರೆದ ಎಂದು ಹೇಳತೊಡಗಿದರೆ, ಮೊದಲು ಅಂಚೆ ಕಚೇರಿಗೆ ಓಡಿ ಡಾಕ್ಟರಿಗೆ ತಂತಿ ಕೊಡುತ್ತೇನೆ. ಬಂದು ನಿಮ್ಮ ಪಕ್ಕ ಕೂಡುತ್ತೇನೆ. ಆಗ ಹೇಳಿ, ಎಲ್ಲ ಹೇಳಿ. ನಾನು ಅಲ್ಲ ಅನ್ನುವುದಿಲ್ಲ, ಹೂಂ ಎಂದು ಸುಳ್ಳೂ ಹೇಳುವುದಿಲ್ಲ. ಕೇಳುತ್ತೇನೆ.

ಅಕ್ಟೋಬರ್ ಒಂದು, ಭಾನುವಾರ ಬೆಳಿಗ್ಗೆ ಗಾಡಿ ಬಳ್ಳಾರಿ ಮುಟ್ಟುತ್ತದೆ. ಸ್ಟೇಷನ್ನಿಗೆ ಬರುತ್ತೇನೆಂದಿದ್ದೀರಿ, ಬನ್ನಿ. ಬರುವುದು ಮರೆತುಹೋದರೆ ಗಾಬರಿಯಾಗಬೇಡಿ. ಅತ್ತೆಯವರನ್ನು ಅಲ್ಲೇ ಬೆಂಚಿನ ಮೇಲೆ ಕೂಡಿಸಿ, ಕುರುಗೋಡಿಗೆ ಬಂದು, ನಿಮ್ಮನ್ನು ನಾನೇ ಸ್ಟೇಷನ್ನಿಗೆ ಕರೆದುಕೊಂಡು ಹೋಗುತ್ತೇನೆ.

ಕೊಟ್ರಿ